ಖಾಲಿ ಅಟ್ಟದ ಹಾಡು

ಹಾಲೇಶನ ಸೌಂಡ್ಸ್ ಅಂಗಡಿಯಲ್ಲಿ ಹೇಮಶ್ರೀಗೆ ಕೇಬಲ್ ಸುತ್ತುವ ಕೆಲಸ. ಇದೂ ಒಂದು ಕೆಲಸವೇ ಎಂದು ಕೇಳಿದವರಿಗೆ ಅನ್ನಿಸಬಹುದು. ಆದರೆ ಒಳಗಿನ ತಂತಿ ಮುರಿದು, ಧಾರೆಯ ಹೊತ್ತಿಗೆ ಸರಿಯಾಗಿ ಮೈಕು ಗೊರಗೊರ ಎಂದು, ಹೆಣ್ಣಿನ ತಂದೆ ನೆರೆದ ಜನರ ಮುಂದೆ ತಿರುಗಿ ನೋಡಿದರೆ ಹೇಗಿರುತ್ತದೆ ಎಂಬುದು ಹಾಲೇಶನಿಗೆ ಗೊತ್ತಿತ್ತು. ಮೊದಲಿದ್ದ ಹುಡುಗರು ಕೇಬಲ್ಲನ್ನು ಮೊಣಕೈಗೆ ಬಿಗಿದು ಸುತ್ತಿ ವ್ಯಾನಿನೊಳಗೆ ಎಸೆಯುತ್ತಿದ್ದರು. ಹೇಮಶ್ರೀ ಕೇಬಲ್ ಯಾವ ಕಡೆಗೆ ಬಳುಕುತ್ತದೋ ನೋಡಿ, ಆ ಕಡೆಗೇ ಸುರುಳಿ ಮಾಡಿ ಮಲಗಿಸುತ್ತಿದ್ದಳು. ಅವಳು ಬಂದ ಮೇಲೆ ಅಜ್ಜಂಪುರದ ಸುತ್ತ ಯಾವ ಮದುವೆಯಲ್ಲೂ ಹಾಲೇಶನ ಮೈಕು ಕೆಮ್ಮಲಿಲ್ಲ.

ಅವಳು ಮಾತಾಡುವುದು ಕಡಿಮೆ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು “ಎದ್ದು ನಿಂತು ಪಾಠ ಓದು” ಎಂದರೆ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತುಬಿಡುತ್ತಿದ್ದಳು. ಒಂದು ದಿನ ಶಾಲೆಗೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಆಮೇಲೆ ಹೋಗುವುದೇ ನಿಂತುಹೋಯಿತು. ಮನೆಯವರು ಸ್ವಲ್ಪ ದಿನ ಬೈದು ಸುಮ್ಮನಾದರು. ಬಾಯಿ ಮುಚ್ಚಿಕೊಂಡಿದ್ದವಳಿಗೆ ಕಣ್ಣು ಕಿವಿ ಮಾತ್ರ ಚುರುಕು.

ಮದುವೆಮನೆಗಳಲ್ಲಿ ಸ್ಪೀಕರಿನ ಹಿಂದೆ ಕೂತು ಅವಳು ನೋಡುತ್ತಿದ್ದದ್ದು ಜನರ ಕಾಲುಗಳನ್ನು. ಹಾಡು ಹಾಕುವವನು ಶಶಿ. ಕಪ್ಪು ಕನ್ನಡಕ, ಕುತ್ತಿಗೆಯಲ್ಲಿ ಹೆಡ್‌ಫೋನು, ಕೆಲಸದಲ್ಲಿ ಗಟ್ಟಿಗ. ಅವನು ಹಾಡಿನ ತಗ್ಗು ದನಿಯನ್ನು, ಅಂದರೆ ಬಾಸನ್ನು, ಏರಿಸಿದರೆ ಶಾಮಿಯಾನದ ಕಂಬ ನಡುಗುತ್ತಿತ್ತು. ಹುಡುಗರು ಬೆವರು ಸುರಿಸಿಕೊಂಡು ಎಗರುತ್ತಿದ್ದರು. ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಕಿವಿಗೆ ಸೆರಗು ಒತ್ತಿಕೊಂಡು, ಎದುರಿನವರ ಒಡವೆ ನೋಡುತ್ತಿದ್ದರು. ಆದರೆ ಎರಡು ಹಾಡುಗಳ ನಡುವೆ, ಶಶಿ ಮುಂದಿನದನ್ನು ಹುಡುಕುವಾಗ ಮೆತ್ತಗಿನ ಏನಾದರೊಂದು ತುಣುಕು ಜಾರಿಬಿದ್ದರೆ, ಸೀರೆಯ ಅಂಚಿನ ಕೆಳಗೆ ಹೆಬ್ಬೆರಳುಗಳು ಅಲ್ಲಾಡುತ್ತಿದ್ದವು. ಅಷ್ಟರಲ್ಲಿ ಬಾಸ್ ಬಂದು ಬೀಳುತ್ತಿತ್ತು. ಹೆಬ್ಬೆರಳು ನಿಲ್ಲುತ್ತಿತ್ತು. ಇದನ್ನು ಹೇಮಶ್ರೀ ಒಬ್ಬಳೇ ನೋಡಿದ್ದಳು.

ಫೋನಿನಲ್ಲಿ ಒಂದು ಸಲ ಏನನ್ನೋ ಹುಡುಕುತ್ತಿದ್ದಾಗ ಬೇರೆ ಥರದ ಸಂಗೀತವೊಂದು ತಾನಾಗಿ ಹತ್ತಿಕೊಂಡಿತು. ಅದಕ್ಕೆ ಟ್ರಾಪಿಕಲ್ ಹೌಸ್ ಎಂದು ಹೆಸರಂತೆ. ಕುಣಿಯುವ ಹಾಡೇ, ಆದರೆ ಮೈಮೇಲೆ ಬೀಳುವಂಥದ್ದಲ್ಲ. ಒಂದು ಪಿಯಾನೊ, ಒಂದು ಕೊಳಲು, ಮರದ ಪಟ್ಟಿಗಳನ್ನು ಕೋಲಿನಿಂದ ತಟ್ಟಿ ನುಡಿಸುವ ಮಾರಿಂಬಾ ಎಂಬ ವಾದ್ಯ, ಅದರ ಅಡಿಗೆ ದುಂಡಗಿನ ಬಾಸ್. ಕೇಳುತ್ತಿದ್ದರೆ ಬೇಸಿಗೆ ರಜೆಯ ಮೊದಲ ದಿನ ಬರಿಗಾಲಲ್ಲಿ ಹೊರಗೆ ಬಂದ ಹಾಗೆ. ಆ ಹಾಡನ್ನು ಕಟ್ಟಿದವನು ವರ್ಷದ ಅರ್ಧ ಹಿಮ ಬೀಳುವ ದೇಶದ ಹುಡುಗ ಎಂದು ತಿಳಿದಾಗ ಅವಳಿಗೆ ನಗು ಬಂತು. ಹಿಮದಲ್ಲಿ ಕೂತವನು ತೆಂಗಿನ ಮರ ನೆನೆಸಿಕೊಂಡು ಹಾಡು ಕಟ್ಟುತ್ತಾನೆ. ಇಲ್ಲಿ ಬಿಸಿಲೂ ಬೇಕಾದಷ್ಟಿದೆ, ತೆಂಗಿನ ಮರವೂ ಇದೆ, ಹಾಡು ಕಟ್ಟುವವರೇ ಇಲ್ಲ.

ಫೋನಿನಲ್ಲೇ ಸಂಗೀತ ಕೂಡಿಸುವ ಆ್ಯಪ್ ಒಂದನ್ನು ಇಳಿಸಿಕೊಂಡು ಅವಳು ಕಲಿತಳು. ಯಾರೂ ಹೇಳಿಕೊಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಡ್ರಮ್ಮು ಕೂತಿತು, ಬಾಸ್ ಕೂತಿತು. ಆದರೆ ಆ್ಯಪಿನೊಳಗಿನ ಮಾರಿಂಬಾ ಮಾತ್ರ ಬೇರೆಯವರ ಚಪ್ಪಲಿ ಮೆಟ್ಟಿಕೊಂಡ ಹಾಗೆ ಕೇಳುತ್ತಿತ್ತು.

ಆ ವರ್ಷದ ಕೊಬ್ಬರಿ ಮಾರಿ ದೊಡ್ಡಮ್ಮನ ಮನೆಯ ಅಟ್ಟ ಖಾಲಿಯಾಯಿತು.

ದೊಡ್ಡಮ್ಮ ಸುಲೋಚನಮ್ಮ, ದೊಡ್ಡಪ್ಪ ರಂಗಪ್ಪ. ಒಂದೇ ಅಂಗಳಕ್ಕೆ ಬಾಗಿಲಿರುವ ಎರಡು ಮನೆಗಳಲ್ಲಿ ಅವರದೊಂದು, ಹೇಮಶ್ರೀಯದೊಂದು. ತೋಟದ ಬಲಿತ ತೆಂಗಿನಕಾಯಿಗಳನ್ನು ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಹಾಗೇ ಬಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಗಟಗಟ ಎಂದ ಮೇಲೆ ಇಳಿಸಿ ಸುಲಿಯುವುದು ಆ ಕಡೆಯ ಪದ್ಧತಿ. ಅಟ್ಟಕ್ಕೆ ಹಲಗೆ ಹಾಕುವುದಿಲ್ಲ, ಗಾಳಿ ಆಡಬೇಕು. ತೊಲೆಗಳ ಮೇಲೆ ಅಡಿಕೆ ಮರದ ಸೀಳುಗಳನ್ನು, ಅಂದರೆ ದಬ್ಬೆಗಳನ್ನು, ಸುಮ್ಮನೆ ಒಂದರ ಪಕ್ಕ ಒಂದು ಹಾಸಿರುತ್ತಾರೆ. ಕೆಳಗಿನ ಒಲೆಯ ಹೊಗೆ ಕುಡಿದು ಕುಡಿದು ಅವು ಕಬ್ಬಿಣದಂತೆ ಒಣಗಿರುತ್ತವೆ. ಕಾಯಿ ತುಂಬಿದ್ದಾಗ ದಬ್ಬೆ ಮೂಕ. ಖಾಲಿಯಾದಾಗ ಕಸ ಗುಡಿಸಲು ಹತ್ತಿದ ಹೇಮಶ್ರೀಯ ಕಾಲಡಿ ಅವು ಒಂದೊಂದೂ ಒಂದೊಂದು ಸ್ವರ ಹೇಳಿದವು. ಉದ್ದನೆಯವು ತಗ್ಗಿ, ಗಿಡ್ಡನೆಯವು ಏರಿ.

ಅವಳು ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟಳು. ಆಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದಳು.

“ಲೇ ಹೇಮಿ, ಏನೇ ಅದು ಮೇಲೆ? ಇಲಿ ಓಡಿಸ್ತಿದೀಯೋ, ಇಲಿ ಜೊತೆ ಓಡ್ತಿದೀಯೋ?” ದೊಡ್ಡಮ್ಮ ಕೆಳಗಿನಿಂದ ಕೂಗಿದಳು.

“ದೊಡ್ಡಮ್ಮ, ಒಂಚೂರು ಮೇಲೆ ಬಾ. ಇಲ್ಲಿಂದ ಅಲ್ಲಿವರ್ಗೂ ನಡಿ.”

“ಯಾಕೆ, ನಡಿಗೆ ನೋಡಿ ಹೆಣ್ಣು ಒಪ್ತೀಯೇನು?”

ಬೈಯುತ್ತಲೇ ಏಣಿ ಹತ್ತಿ ಬಂದಳು. ಇಷ್ಟು ವರ್ಷ ಆ ದಬ್ಬೆಗಳ ಮೇಲೆ ಓಡಾಡಿ ಕಾಯಿ ತಿರುವಿದವಳು. ಅವಳ ಕಾಲಿಗೆ ಅವಸರವೂ ಇಲ್ಲ, ಸೋಮಾರಿತನವೂ ಇಲ್ಲ. ಹೇಮಶ್ರೀ ಫೋನನ್ನು ತೊಲೆಗೆ ಒರಗಿಸಿ ರೆಕಾರ್ಡ್ ಒತ್ತಿದಳು. ಆ ನಡಿಗೆಯ ವೇಗವನ್ನೇ ಹಾಡಿನ ವೇಗವಾಗಿ ಇಟ್ಟುಕೊಂಡಳು. ಆಮೇಲೆ ಕೋಲಿನ ತುದಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ಒಂದೊಂದೇ ದಬ್ಬೆ ತಟ್ಟತೊಡಗಿದಳು.

ಅಷ್ಟರಲ್ಲಿ ಅಂಗಳಕ್ಕೆ ಟ್ರ್ಯಾಕ್ಟರ್ ಬಂದು ನಿಂತಿತು. ಹೊಸ ಕಾಯಿ. ರಂಗಪ್ಪ ಏಣಿಯ ಬುಡಕ್ಕೆ ಬಂದ.

“ಆಳುಗಳು ಕಾಯ್ತಾವ್ರೆ, ಕಾಯಿ ಏರಿಸ್ಬೇಕು. ಏನ್ರೇ ನಿಮ್ದು?”

“ಇರ್ರೀ. ಕಾಯಿ ಕಾಲು ಬಂದು ಓಡೋಗಲ್ಲ. ಮಗು ಏನೋ ಹಿಡ್ಕಂತೈತೆ,” ಎಂದಳು ದೊಡ್ಡಮ್ಮ.

“ಏನು, ಹೆಗ್ಗಣನಾ?”

“ಸದ್ದು ಕಣ್ರೀ, ಸದ್ದು.”

“ಸದ್ದು ಹಿಡ್ಕಂಡು ಎಲ್ಲಿ ಕಟ್ಟಾಕ್ತಾಳಂತೆ?”

“ಮೊದ್ಲು ಆ ಟ್ರ್ಯಾಕ್ಟರ್ ಆಫ್ ಮಾಡ್ಸಿ. ಅದರ ಸದ್ದೂ ಇದರೊಳಕ್ಕೆ ಬತ್ತೈತೆ.”

ರಂಗಪ್ಪ ಗೊಣಗುತ್ತಾ ಹೋಗಿ ಟ್ರ್ಯಾಕ್ಟರ್ ಆಫ್ ಮಾಡಿಸಿದ. ಆಳುಗಳಿಗೆಲ್ಲ ಇನ್ನೊಂದು ಸಲ ಟೀ ಕಾಯಿಸಬೇಕಾಯಿತು. ಟೀ ಮುಗಿಯುವ ಹೊತ್ತಿಗೆ ಹೇಮಶ್ರೀ ಕೊನೆಯ ದಬ್ಬೆಯನ್ನು ತಟ್ಟಿ ಕೆಳಗಿಳಿದಿದ್ದಳು. ಹಿಂದೆಯೇ ಕಾಯಿಗಳು ಮೇಲೇರಿದವು. ಸಂಜೆಗೆಲ್ಲ ಅಟ್ಟ ಮತ್ತೆ ಮೂಕವಾಯಿತು.

ಹಾಡು ಒಂದು ರೂಪಕ್ಕೆ ಬರುವ ಹೊತ್ತಿಗೆ ಬೇಸಿಗೆ ಕಾಲಿಟ್ಟಿತ್ತು. ದಬ್ಬೆಯ ಸ್ವರಗಳು ಮೇಲೆ ಚಿಮ್ಮಿ ಇಳಿಯುವ ಸಣ್ಣದೊಂದು ರಾಗ, ಅದಕ್ಕೆ ಉತ್ತರ ಕೊಡುವ ಕೊಳಲು, ಅಡಿಯಲ್ಲಿ ನಿಧಾನ ಹೆಜ್ಜೆಯ ಬಾಸ್. ನಡುವೆ ಎಲ್ಲವೂ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಒಟ್ಟಿಗೆ ಬಂದು ಸೇರುವ ಜಾಗ. ಅವಳು ಅದನ್ನು ಕೇಳಿದ್ದು ಒಂದು ಕಿವಿಯಲ್ಲಿ ಮಾತ್ರ. ಇಯರ್‌ಫೋನಿನ ಇನ್ನೊಂದು ಕಡೆ ಸತ್ತು ಎಷ್ಟೋ ಕಾಲವಾಗಿತ್ತು. ಆ ಹಾಡನ್ನು ಒಂದು ಸಲ ಬಯಲಲ್ಲಿ, ದೊಡ್ಡ ಸ್ಪೀಕರಿನಲ್ಲಿ, ಜನರ ನಡುವೆ ಕೇಳಬೇಕು, ಅದಕ್ಕೆ ಕಾಲುಗಳು ಏಳುತ್ತವೋ ಇಲ್ಲವೋ ನೋಡಬೇಕು. ಅವಳಿಗೆ ಬೇರೆ ಏನೂ ಬೇಕಿರಲಿಲ್ಲ.

ಅಂಗಡಿಯಲ್ಲಿ ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಫೋನನ್ನು ಹಾಲೇಶನ ಮುಂದೆ ಇಟ್ಟಳು. “ಅಣ್ಣ, ಇದು ನಾನು ಮಾಡಿದ್ದು,” ಎನ್ನುವಷ್ಟರಲ್ಲಿ ಕುತ್ತಿಗೆಯವರೆಗೂ ಬೆವರಿದ್ದಳು.

ಹಾಲೇಶ ಕಣ್ಣು ಮುಚ್ಚಿ ಕೇಳಿದ. ಶಶಿ ಬಾಗಿಲಿಗೆ ಒರಗಿ ಕೇಳಿದ.

“ಗಡಿಯಾರ ರಿಪೇರಿ ಅಂಗ್ಡಿಲಿ ಕೂತಂಗೈತೆ,” ಎಂದ ಶಶಿ.

“ಏ ಸುಮ್ನಿರೋ,” ಎಂದ ಹಾಲೇಶ. “ಚೆನ್ನಾಗೈತೆ ಕಣಮ್ಮ. ನಿಜ ಹೇಳ್ತೀನಿ, ಚೆನ್ನಾಗೈತೆ. ಆದ್ರೆ ಇದು ಮಲಗ್ಸೋ ಹಾಡು, ಏಳ್ಸೋ ಹಾಡಲ್ಲ. ಇದಕ್ಕೆ ಯಾರು ಕುಣೀತಾರೆ?”

“ಒಂದ್ಸಲ ಹಾಕಿ ನೋಡಣ್ಣ. ಜನದ ಮುಂದೆ.”

ಅವಳ ಬಾಯಿಂದ ಅಷ್ಟು ಮಾತು ಬಂದದ್ದು ಕಂಡು ಹಾಲೇಶ ಕಣ್ಣು ಬಿಟ್ಟ. ಸ್ವಲ್ಪ ಯೋಚಿಸಿ ಹೇಳಿದ. “ಆಯ್ತು. ಅಮೃತಾಪುರದ ಬೀಗರೂಟಕ್ಕೆ ಹಾಕಣ. ಊಟ ಆದ್ಮೇಲೆ. ಜನ ಎದ್ದು ಕುಣಿದ್ರೆ ಈ ಸೀಸನ್ ಪೂರ್ತಿ ನೀನೂ ಶಶಿ ಜೊತೆ ಕೂತು ಹಾಡು ಹಾಕು. ಏಳಲಿಲ್ಲ ಅಂದ್ರೆ ಇನ್ನೊಂದ್ಸಲ ಈ ಮಾತೆತ್ತಬಾರ್ದು. ಕೇಬಲ್ ಸುತ್ಕಂಡು ಇದ್ಬಿಡ್ಬೇಕು. ಏನಂತೀಯ?”

“ಊಟ ಆದ್ಮೇಲಾ?” ಶಶಿ ನಕ್ಕ. “ಮುದ್ದೆ, ಮಟನ್ ಸಾರು ಹೊಡ್ದವರು ಕುಣಿಯೋದಿರ್ಲಿ, ಕೂತಲ್ಲಿಂದ ಹೊರಳಲ್ಲ.”

ಹೇಮಶ್ರೀ ಆಗಲಿ ಎಂದು ತಲೆಯಾಡಿಸಿದಳು.

ಆ ಬೀಗರೂಟ ದೊಡ್ಡಮ್ಮನ ತಂಗಿಯ ಮಗಳು ಭವ್ಯಳದು. ಮದುವೆ ಮುಗಿದು, ಗಂಡಿನ ಕಡೆಯವರನ್ನು ಹೆಣ್ಣಿನ ಮನೆಯವರು ಬಾಡೂಟಕ್ಕೆ ಕರೆದಿದ್ದರು. ಕಡೂರಿನಿಂದ ಎರಡು ಬಸ್ಸು ತುಂಬಿ ಬೀಗರು ಬಂದಿಳಿದರು. ಅಮೃತಾಪುರದ ತೋಟದಲ್ಲಿ, ತೆಂಗಿನ ಮರಗಳ ನಡುವೆ ಶಾಮಿಯಾನ. ಈಗೀಗ ಬೀಗರೂಟಕ್ಕೂ ಡಿಜೆ ಇರಬೇಕು, ಇಲ್ಲದಿದ್ದರೆ ಬೀಗರ ಮುಂದೆ ಮರ್ಯಾದೆ ಉಳಿಯುವುದಿಲ್ಲ.

ಊಟಕ್ಕೆ ಮುಂಚೆ ಶಶಿ ತನ್ನ ಹಾಡುಗಳನ್ನು ಹಾಕಿದ. ಹುಡುಗರು ಕುಣಿದು ಕುಣಿದು ಅಂಗಿ ಹಿಂಡಿಕೊಂಡರು. ಪಂಕ್ತಿಯ ಮೇಲೆ ಪಂಕ್ತಿ ಎದ್ದವು. ಕೊನೆಯ ಎಲೆ ಎತ್ತುವ ಹೊತ್ತಿಗೆ ಶಶಿ ಹೇಳಿದಂತೆಯೇ ಆಗಿತ್ತು. ಗಂಡಸರು ಮರದ ಬುಡಗಳಲ್ಲಿ ಕಾಲು ಚಾಚಿದ್ದರು. ಹೆಂಗಸರು ಎರಡು ಗುಂಪಾಗಿ, ಈ ಕಡೆ ಹೆಣ್ಣಿನವರು, ಆ ಕಡೆ ಗಂಡಿನವರು, ಎಲೆ ಅಡಿಕೆ ಮೆಲ್ಲುತ್ತಾ ಒಬ್ಬರನ್ನೊಬ್ಬರು ಅಳೆಯುತ್ತಾ ಕೂತಿದ್ದರು.

“ಹಾಕ್ಲಾ ನಿನ್ನ ಹಾಡು?” ಎಂದ ಶಶಿ.

ಹೇಮಶ್ರೀ ಸ್ಪೀಕರಿನ ಹಿಂದಿನ ತನ್ನ ಜಾಗದಿಂದಲೇ ತಲೆಯಾಡಿಸಿದಳು.

ಹಾಡು ಶುರುವಾಯಿತು. ಶುರುವಾದ ಕ್ಷಣದಲ್ಲೇ ಅವಳು ತಲೆಯೆತ್ತಿದಳು. ಅದು ಅವಳ ಹಾಡಲ್ಲ. ದಬ್ಬೆಗಳು ತಗಡಿನ ಮೇಲೆ ಕಡಲೆಕಾಳು ಸುರಿದಂತೆ ಪಟಪಟ ಎನ್ನುತ್ತಿದ್ದವು. ಕೊಳಲು ಕೀಚಲು ಧ್ವನಿಯಲ್ಲಿ ಚೀರುತ್ತಿತ್ತು. ಶಶಿ ಕೇಡು ಬಗೆದಿರಲಿಲ್ಲ. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವಾಗ ಎರಡರ ವೇಗವನ್ನೂ ಒಂದೇ ಮಾಡುವುದು ಅವನ ರೂಢಿ. ಕೈ ತನ್ನಷ್ಟಕ್ಕೆ ತಾನೇ ವೇಗ ಕೂಡಿಸುವ ಗುಂಡಿ ಒತ್ತಿತ್ತು. ಹುಡುಗರ ಎಗರಾಟದ ವೇಗಕ್ಕೆ ಸಿಕ್ಕಿದ ಹಾಡು ಉಸಿರುಗಟ್ಟಿ ಓಡುತ್ತಿತ್ತು.

“ಯಾರ್ಲಾ ಅದು, ಮೊಬೈಲ್ ರಿಂಗಾಗ್ತೈತೆ, ಎತ್ಕಳ್ರೋ!” ಮರದಡಿಯಿಂದ ಯಾರೋ ಕೂಗಿದರು. ನಗು ಎದ್ದಿತು. ಒಬ್ಬ ಬೀಗ ಮುಖದ ಮೇಲೆ ಟವಲ್ ಎಳೆದುಕೊಂಡ. ಹಾಲೇಶ ದೂರದಿಂದ ಕೈಯೆತ್ತಿ, ಸಾಕು, ನಿಲ್ಲಿಸು ಎಂದು ಶಶಿಗೆ ಸನ್ನೆ ಮಾಡಿದ.

ಸ್ಪೀಕರಿನ ಹಿಂದಿನಿಂದ ಶಶಿ ಹಾಡು ಹಾಕುವ ಮೇಜಿಗೆ ನಾಲ್ಕು ಹೆಜ್ಜೆ ದೂರ. ನಡುವೆ ಏನೂ ಮರೆಯಿಲ್ಲ, ಇಡೀ ಶಾಮಿಯಾನಕ್ಕೆ ಕಾಣುವ ಜಾಗ. ಹೇಮಶ್ರೀ ಕೆಲಸಕ್ಕೆ ಸೇರಿದಾಗಿನಿಂದ ಅಲ್ಲಿ ಕಾಲಿಟ್ಟಿರಲಿಲ್ಲ. ಈಗ ಸುಮ್ಮನಿದ್ದರೆ ಹಾಡು ಇಲ್ಲಿಗೆ ಮುಗಿಯಿತು. ಕೇಳಿದವರು, ಇದೇನೋ ಕಡಲೆಕಾಳಿನ ಸದ್ದು, ಅಂದುಕೊಂಡೇ ಬಸ್ಸು ಹತ್ತುತ್ತಾರೆ. ಅವಳಿಗೆ ನಾಚಿಕೆಗಿಂತ ಸಿಟ್ಟು ಮೊದಲು ಬಂತು. ಎದ್ದಳು. ಬಂದಳು. ಶಶಿಯ ಕೈ ದಾಟಿ ತನ್ನ ಕೈ ಚಾಚಿ ಆ ಗುಂಡಿ ಆರಿಸಿದಳು.

“ಏಯ್, ಏನ್ ಮಾಡ್ತಿದೀಯ!”

“ಇದು ಓಡೋ ಹಾಡಲ್ಲ ಶಶಿ. ನಡೆಯೋ ಹಾಡು.” ಓಡುತ್ತಿದ್ದ ಹಾಡನ್ನು ನಿಲ್ಲಿಸಿದಳು. “ಮೊದ್ಲಿಂದ ಹಾಕ್ತೀನಿ, ಬಿಡು.”

ಶಶಿ ಹಾಲೇಶನ ಕಡೆ ನೋಡಿದ. ಹಾಲೇಶ ಎತ್ತಿದ್ದ ಕೈಯನ್ನು ಏನು ಮಾಡಬೇಕೆಂದು ತೋಚದೆ ತಲೆ ಕೆರೆದುಕೊಂಡ. ಶಶಿ ಪಕ್ಕಕ್ಕೆ ಸರಿದ.

ಅವಳು ಹಾಡನ್ನು ಮೊದಲಿಗೆ ತಂದು ಒತ್ತಿದಳು. ಆಮೇಲೆ ದಬ್ಬೆಗಳು ನುಡಿದವು.

ಬಯಲಿನಲ್ಲಿ, ದೊಡ್ಡ ಸ್ಪೀಕರಿನಲ್ಲಿ, ಎರಡೂ ಕಿವಿ ತುಂಬ ಅವಳು ಮೊದಲ ಸಲ ತನ್ನ ಹಾಡನ್ನು ಕೇಳಿದಳು. ಒಣಗಿದ ಮರದ ಸ್ವರಗಳು ಮರಗಳ ಸಾಲಿನೊಳಗೆ ಹೋಗಿ ತಿರುಗಿ ಬರುತ್ತಿದ್ದವು. ಕೊಳಲು ಬಂತು. ಬಾಸ್ ನೆಲದ ಮೇಲೆ ಮೆತ್ತಗೆ ಕಾಲೂರಿತು. ಅವಳ ಕಣ್ಣು ಅಭ್ಯಾಸಬಲದಿಂದ ಕೆಳಗೆ, ಕಾಲುಗಳ ಕಡೆಗೆ ಹೋಯಿತು. ಹೆಬ್ಬೆರಳುಗಳು ಅಲ್ಲಾಡುತ್ತಿದ್ದವು. ಈ ಸಾಲಿನಲ್ಲಿ ಮೂರು, ಆ ಸಾಲಿನಲ್ಲಿ ಐದಾರು. ಆದರೆ ಯಾರೂ ಏಳಲಿಲ್ಲ. ಹಾಡು ಸಾಗುತ್ತಿತ್ತು, ಯಾರೂ ಏಳಲಿಲ್ಲ.

ಆಗ ಹೆಣ್ಣಿನವರ ಗುಂಪಿನಿಂದ ಸುಲೋಚನಮ್ಮನ ಗಂಟಲು ಎದ್ದಿತು.

ಬೀಗರನ್ನು ಹಾಡಿ ಹಂಗಿಸುವುದು ಹೆಂಗಸರ ಹಳೇ ಹಕ್ಕು. ಬೀಗಿತಿಯ ಮೂಗಿನಿಂದ ಹಿಡಿದು ಬೀಗನ ಹೊಟ್ಟೆಯವರೆಗೂ ಏನನ್ನು ಬೇಕಾದರೂ ಆಡಬಹುದು, ಯಾರೂ ಸಿಟ್ಟಾಗುವಂತಿಲ್ಲ. ಡಿಜೆ ಬಂದ ಮೇಲೆ ಅದಕ್ಕೆ ಸಂದೇ ಸಿಕ್ಕಿರಲಿಲ್ಲ. ಆ ಸದ್ದಿನ ಮೇಲೆ ಯಾರ ಗಂಟಲು ಏರೀತು? ಈಗ ಮರದ ಸ್ವರ ಸ್ವಲ್ಪ ದಾರಿ ಬಿಟ್ಟಿತ್ತು, ವೇಗ ಬಾಯಿಗೆ ಸರಿಯಾಗಿತ್ತು. ಎಲೆ ಅಡಿಕೆ ಒಂದು ದವಡೆಗೆ ಒತ್ತಿಕೊಂಡು ದೊಡ್ಡಮ್ಮ ರಾಗ ಎಳೆದಳು.

“ಎರಡು ಬಸ್ಸಲಿ ಬಂದ್ರು ಬೀಗರು,
ಎಲೆಯ ಬಿಟ್ಟು ಏಳದೆ ಹೋದ್ರು,
ಮುದ್ದೆ ಮುಗಿಸಿ ಸಾರು ಸುರಿದು
ಮರಕ್ಕೆ ಒರಗಿ ಗೊರಕೆ ಹೊಡೆದ್ರು!”

ಹೆಣ್ಣಿನವರ ಗುಂಪು ಹೋ ಎಂದಿತು. ಟವಲ್ ಹೊದ್ದಿದ್ದ ಬೀಗ ಟವಲ್ ತೆಗೆದ. ಗಂಡಿನ ತಾಯಿ, ಕಡೂರಿನ ಬೀಗಿತಿ, ಗಟ್ಟಿ ಮೈಯ ಹೆಂಗಸು, ಬಾಯಲ್ಲಿದ್ದುದನ್ನು ಉಗಿದು ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ನಿಮ್ಮ ಸಾರಿಗೆ ಉಪ್ಪೇ ಇಲ್ಲ,
ನಿಮ್ಮ ಮುದ್ದೆಗೆ ಹದವೇ ಇಲ್ಲ,
ನಿಮ್ಮ ಮಗಳ ಕೋಪಕೆ ಮಾತ್ರ
ಕಡೂರಲ್ಲಿ ತಕ್ಕಡಿ ಇಲ್ಲ!”

ಭವ್ಯ ಮುಖ ಮುಚ್ಚಿಕೊಂಡು ನಕ್ಕಳು. ಬೀಗಿತಿ ಸುಮ್ಮನೆ ನಿಂತು ಹಾಡಲಿಲ್ಲ, ಹೆಜ್ಜೆ ಹಾಕುತ್ತಾ ಹಾಡಿದಳು. ಅವಳ ಹಿಂದೆ ಅವಳ ಗುಂಪು ಎದ್ದಿತು. ಇವರು ಬಿಟ್ಟಾರೆಯೇ? ಸುಲೋಚನಮ್ಮ ಎದ್ದಳು. ಪ್ಲಾಸ್ಟಿಕ್ ಕುರ್ಚಿಗಳು ಹಿಂದಕ್ಕೆ ಬಿದ್ದವು. ಎರಡು ಸಾಲು ಎದುರುಬದುರಾಗಿ ನಿಂತು, ಕೊಳಲು ಬಂದಾಗ ಮುಂದೆ ಸಾಗಿ, ಬಾಸ್ ಬಂದಾಗ ಹಿಂದೆ ಸರಿದು, ಚಪ್ಪಾಳೆ ತಟ್ಟುತ್ತಾ, ಒಬ್ಬರ ಮೇಲೊಬ್ಬರು ಪದ ಎಸೆಯುತ್ತಾ ಕುಣಿಯತೊಡಗಿದವು. ಯಾರೂ ಅವರಿಗೆ ಹೆಜ್ಜೆ ಹೇಳಿಕೊಟ್ಟಿರಲಿಲ್ಲ. ನಡೆಯಲು ಬಂದವರಿಗೆಲ್ಲ ಆ ಹೆಜ್ಜೆ ಬರುತ್ತಿತ್ತು. ಹುಡುಗರು ಓಡಿ ಬಂದರು. ಮೊದಲು ಎಗರಿ ನೋಡಿದರು, ತಾಳ ತಪ್ಪಿತು. ಆಮೇಲೆ ಅಜ್ಜಿಯಂದಿರ ಕಾಲು ನೋಡಿಕೊಂಡು ಹೆಜ್ಜೆ ಇಟ್ಟರು.

“ನಡು ಬಗ್ಸೋ, ಲೈಟ್ ಕಂಬದಂಗೆ ನಿಂತ್ಕಬೇಡ!” ಎಂದು ಬೀಗಿತಿ ಒಬ್ಬನ ಬೆನ್ನಿಗೆ ಗುದ್ದಿದಳು.

ಹಾಡು ಮುಗಿಯಿತು. ತೋಟವೆಲ್ಲ ಒಂದೇ ಬಾಯಲ್ಲಿ ಕೂಗಿತು. “ಇನ್ನೊಂದ್ಸಲ!”

ಹಾಲೇಶ ಓಡಿಬಂದು ಮೈಕು ಹಿಡಿದ. “ಈ ಹಾಡು ಎಲ್ಲೂ ಸಿಗಲ್ಲ ಸ್ವಾಮಿ. ನಮ್ಮ ಹೇಮಶ್ರೀ ಮಾಡಿದ್ದು, ನಮ್ಮ ಅಜ್ಜಂಪುರದ ಕಡೆ ಹುಡುಗಿ!” ಆಮೇಲೆ ಮೈಕು ಮುಚ್ಚಿ ಅವಳ ಕಿವಿಯ ಹತ್ತಿರ ಬಾಗಿದ. “ಸೀಸನ್ ಪೂರ್ತಿ ಅಂದಿದ್ನಲ್ಲ, ಅದನ್ನ ಬಿಟ್ಬಿಡು. ಇನ್ನು ಇದು ನಿಂದೇ ಜಾಗ ಕಣಮ್ಮ. ಕೇಬಲ್‌ಗೆ ಬೇರೆ ಯಾರನ್ನಾದ್ರೂ ನೋಡ್ತೀನಿ.”

“ಅವ್ರಿಗೆ ಸುತ್ತೋದು ನಾನೇ ಹೇಳ್ಕೊಡ್ತೀನಿ,” ಎಂದಳು ಹೇಮಶ್ರೀ.

ಶಶಿ ತನ್ನ ಹೆಡ್‌ಫೋನು ತೆಗೆದು ಅವಳ ಕುತ್ತಿಗೆಗೆ ಹಾಕಿದ. “ಗಡಿಯಾರ ಅಂದಿದ್ದು ವಾಪಸ್ ತಗಂಡೆ. ನಾನೂ ಹೋಗಿ ಕುಣೀಲಾ?”

ಕಡೂರಿನ ಬೀಗಿತಿ ಬೆವರು ಒರೆಸಿಕೊಳ್ಳುತ್ತಾ ಮೇಜಿನ ಹತ್ತಿರಕ್ಕೇ ಬಂದಳು. “ಏನೇ ಹುಡುಗಿ, ಮುಂದಿನ ವಾರ ನಮ್ಮೂರಲ್ಲಿ ನಮ್ಮ ಕಡೆ ಊಟ. ಇವರ ಬಾಯಿಗೆ ಅಲ್ಲಿ ಉತ್ತರ ಕೊಡ್ಬೇಕು. ನೀನೇ ಬರ್ಬೇಕು. ಬರ್ಲಿಲ್ಲ ಅಂದ್ರೆ ನಿನ್ನ ಮೇಲೂ ಒಂದು ಪದ ಕಟ್ಬಿಡ್ತೀನಿ, ನೋಡು.”

“ಬತ್ತೀನಿ ಅಮ್ಮ. ಪದಾನೂ ಕಟ್ಟಿ.”

ಬೀಗಿತಿ ನಗುತ್ತಾ ಸಾಲಿಗೆ ಮರಳಿದಳು. ಹೇಮಶ್ರೀ ಈಗ ತನ್ನ ಫೋನನ್ನೇ ಸಿಕ್ಕಿಸಿ, ಆ್ಯಪಿನಿಂದ ಹಾಡನ್ನು ಮತ್ತೆ ಹಾಕಿದಳು. ಈ ಸಲ ಸುಮ್ಮನೆ ಬಿಡಲಿಲ್ಲ. ನಡುಭಾಗ ಬಂದಾಗ ಮೊದಲು ಡ್ರಮ್ಮು ಇಳಿಸಿದಳು, ಆಮೇಲೆ ಕೊಳಲು, ಆಮೇಲೆ ದಬ್ಬೆ, ಕೊನೆಗೆ ಬಾಸ್. ಸ್ಪೀಕರಿನಲ್ಲಿ ಈಗ ಏನೂ ಇರಲಿಲ್ಲ. ಆದರೂ ಕುಣಿತ ನಿಲ್ಲಲಿಲ್ಲ. ನೂರಾರು ಕೈಗಳ ಚಪ್ಪಾಳೆ ಅದೇ ವೇಗದಲ್ಲಿ, ಒಂದು ಗುಂಜಿಯೂ ಹೆಚ್ಚುಕಡಿಮೆಯಾಗದೆ ಬೀಳುತ್ತಿತ್ತು. ಎರಡೂ ಸಾಲುಗಳು ಏನೋ ಬರಲಿದೆ ಎಂದು ಗೊತ್ತಾಗಿ ಅವಳ ಕಡೆಗೇ ಮುಖ ತಿರುಗಿಸಿ ಕಾಯುತ್ತಿದ್ದವು. ಅವಳು ತಲೆ ತಗ್ಗಿಸಲಿಲ್ಲ. ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಇನ್ನೊಂದು ಸುತ್ತು ಚಪ್ಪಾಳೆಗೆ ಬಿಟ್ಟಳು. ಮತ್ತೊಂದು ಸುತ್ತು.

ಆಮೇಲೆ ಎಲ್ಲವನ್ನೂ ಒಟ್ಟಿಗೆ ಮೇಲೆತ್ತಿದಳು.